ವರ್ಸೇಲ್ಸ್ ಅರಮನೆ: ವೈಭವದ ಹಿಂದೊಂದು ನೋಟ



ವರ್ಸೇಲ್ಸ್ ಎಂಬ ಹೆಸರು ನಿಮಗೆ ಹೊಸದಲ್ಲ. ಪ್ರೌಢಶಾಲೆಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಮೊದಲನೆಯ ಮಹಾಯುದ್ಧದ ಪಾಠದ ಕೊನೆಗೆ ಬರುವ ವರ್ಸೇಲ್ಸ್ ಒಪ್ಪಂದವನ್ನು ನಾವೆಲ್ಲರೂ ಬಾಯಿಪಾಠ ಮಾಡಿದವರೇ. 1919ರ ಜೂನ್ 28ರಂದು ಆ ಒಪ್ಪಂದಕ್ಕೆ ಸಹಿ ಬಿದ್ದದ್ದು ಒಂದು ಅರಮನೆಯ ಹಜಾರದಲ್ಲಿ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಆ ಅರಮನೆಯನ್ನು ಯಾರು, ಯಾಕೆ ಕಟ್ಟಿಸಿದರು? ಅದರೊಳಗೆ ಜನ ದಿನ ಕಳೆಯುತ್ತಿದ್ದುದು ಹೇಗೆ? ಜಗತ್ತೇ ಬೆರಗಾಗಿ ನೋಡಿದ ಆ ಮನೆಯನ್ನು ಬಿಟ್ಟು ಒಂದು ಮಧ್ಯಾಹ್ನ ಅದರ ಒಡೆಯ ಯಾಕೆ ಹೊರಡಬೇಕಾಯಿತು?

ಇದು ದೂರದ ದೇಶದ ಕಥೆ ಎಂದು ನೀವು ಪುಟ ತಿರುಗಿಸಬೇಕಾಗಿಲ್ಲ. ಆ ಅರಮನೆಯಲ್ಲಿ ನಡೆದ ಸಂಧಾನವೊಂದರಿಂದ ನಮ್ಮ ಮಂಗಳೂರಿನ ಕೋಟೆಯ ಮುಂದಿನ ಯುದ್ಧದ ಗತಿ ಬದಲಾಗಿತ್ತು. ಟಿಪ್ಪು ಸುಲ್ತಾನರು ಕಳುಹಿಸಿದ ಮೂವರು ರಾಯಭಾರಿಗಳು ಅಲ್ಲಿನ ಮೆಟ್ಟಿಲು ಹತ್ತಿ ಹೋಗಿದ್ದರು. ಆ ಭಾಗಕ್ಕೆ ಮುಂದೆ ಬರೋಣ. ಮೊದಲು ಅರಮನೆ ಹುಟ್ಟಿದ ಬಗೆ ತಿಳಿಯೋಣ.

ಬೇಟೆಯ ಮನೆ ಅರಮನೆಯಾದದ್ದು

ವರ್ಸೇಲ್ಸ್ ಇರುವುದು ಪ್ಯಾರಿಸ್‌ನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ. ಫ್ರೆಂಚರು ಅದನ್ನು ‘ವೆರ್ಸಾಯ್’ ಎನ್ನುತ್ತಾರೆ. 17ನೇ ಶತಮಾನದ ಆರಂಭದಲ್ಲಿ ಅದು ಕಾಡು ಮತ್ತು ಜೌಗು ನೆಲದ ನಡುವಿನ ಸಣ್ಣ ಹಳ್ಳಿ. 13ನೇ ಲೂಯಿ ಎಂಬ ದೊರೆ 1623ರಲ್ಲಿ ಅಲ್ಲಿ ಬೇಟೆಗೆ ಹೋದಾಗ ತಂಗಲೆಂದು ಒಂದು ಚಿಕ್ಕ ಮನೆ ಕಟ್ಟಿಸಿದ. ಅದನ್ನು ಅರಮನೆಯಾಗಿ ಬೆಳೆಸಿದವನು ಅವನ ಮಗ 14ನೇ ಲೂಯಿ.

14ನೇ ಲೂಯಿ ಹುಟ್ಟಿದ್ದು 1638ರಲ್ಲಿ. ಐದು ವರ್ಷ ತುಂಬುವ ಮೊದಲೇ, 1643ರಲ್ಲಿ, ತಂದೆ ತೀರಿಕೊಂಡು ಅವನು ರಾಜನಾದ. ಅವನ ಬಾಲ್ಯ ನೆಮ್ಮದಿಯದ್ದಾಗಿರಲಿಲ್ಲ. 1648ರಿಂದ 1653ರವರೆಗೆ ಸರದಾರರು ಮತ್ತು ಪ್ಯಾರಿಸ್‌ನ ನ್ಯಾಯಾಧೀಶರು ರಾಜಸತ್ತೆಯ ವಿರುದ್ಧ ದಂಗೆಯೆದ್ದರು. ಈ ದಂಗೆಗೆ ‘ಫ್ರಾಂಡ್’ ಎಂದು ಹೆಸರು. 1649ರ ಜನವರಿಯ ಒಂದು ರಾತ್ರಿ ಬಾಲರಾಜನನ್ನು ಎತ್ತಿಕೊಂಡು ತಾಯಿ ಪ್ಯಾರಿಸ್‌ನಿಂದ ಪಲಾಯನ ಮಾಡಬೇಕಾಯಿತು. 1651ರ ಫೆಬ್ರವರಿಯಲ್ಲಿ, ರಾಜ ಮತ್ತೆ ಓಡಿಹೋಗಿದ್ದಾನೆ ಎಂಬ ವದಂತಿ ಹಬ್ಬಿ ಜನರ ಗುಂಪು ಅರಮನೆಗೇ ನುಗ್ಗಿತು. ಹನ್ನೆರಡರ ಹುಡುಗ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡುತ್ತಿದ್ದರೆ ಜನ ಸಾಲಾಗಿ ಬಂದು ಅವನನ್ನು ನೋಡಿ ಹೋದರು. ಈ ಘಟನೆಯನ್ನು ನೆನಪಿನಲ್ಲಿಡಿ. ಅವನು ಪ್ಯಾರಿಸನ್ನು ಜೀವನವಿಡೀ ನಂಬಲಿಲ್ಲ, ಸರದಾರರನ್ನೂ ನಂಬಲಿಲ್ಲ.

1661ರಲ್ಲಿ ಪ್ರಧಾನಿ ಮಜಾರಿನ್ ತೀರಿಕೊಂಡಾಗ ರಾಜ ಇನ್ನೊಬ್ಬ ಪ್ರಧಾನಿಯನ್ನು ನೇಮಿಸದೆ ಆಡಳಿತವನ್ನು ತಾನೇ ಕೈಗೆತ್ತಿಕೊಂಡ. ಅದೇ ವರ್ಷದ ಆಗಸ್ಟ್ 17ರಂದು ಹಣಕಾಸು ನೋಡಿಕೊಳ್ಳುತ್ತಿದ್ದ ಫೂಕೆ ಎಂಬ ಅಧಿಕಾರಿ ತಾನು ಹೊಸದಾಗಿ ಕಟ್ಟಿಸಿದ ಬಂಗಲೆಗೆ ರಾಜನನ್ನು ಕರೆದು ಭಾರಿ ಔತಣ ನೀಡಿದ. ಆ ಬಂಗಲೆ ರಾಜನ ಮನೆಗಳಿಗಿಂತಲೂ ಚೆಂದವಾಗಿತ್ತು. ಮೂರು ವಾರದೊಳಗೆ ಫೂಕೆ ಸೆರೆಯಾದ, 1680ರಲ್ಲಿ ಸೆರೆಮನೆಯಲ್ಲೇ ಸತ್ತ. ಅವನ ಬಂಗಲೆಯನ್ನು ರೂಪಿಸಿದ ವಾಸ್ತುಶಿಲ್ಪಿ ಲೆ ವೊ, ಚಿತ್ರಕಾರ ಲೆ ಬ್ರನ್, ಉದ್ಯಾನ ತಜ್ಞ ಲೆ ನೋತ್ರ್ ಮೂವರನ್ನೂ ರಾಜ ವರ್ಸೇಲ್ಸ್‌ಗೆ ಕರೆಸಿಕೊಂಡ. ಇಪ್ಪತ್ತು ವರ್ಷಗಳ ಕೆಲಸದ ಬಳಿಕ 1682ರ ಮೇ 6ರಂದು ರಾಜನ ಆಸ್ಥಾನವೂ ಸರಕಾರವೂ ಪ್ಯಾರಿಸ್ ಸುತ್ತಮುತ್ತಲ ಹಳೆಯ ಅರಮನೆಗಳನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಸಿದವು.

ಕಟ್ಟಿದ ಕೈಗಳು

ಅರಮನೆಯ ಅತ್ಯಂತ ಪ್ರಸಿದ್ಧ ಭಾಗ ‘ಕನ್ನಡಿಗಳ ಹಜಾರ’. 1678ರಿಂದ 1684ರ ನಡುವೆ ಕಟ್ಟಿದ ಈ ಹಜಾರ 73 ಮೀಟರ್ ಉದ್ದವಿದೆ. ಒಂದು ಬದಿಗೆ ಉದ್ಯಾನಕ್ಕೆ ತೆರೆಯುವ 17 ಕಿಟಕಿಗಳು, ಎದುರಿನ ಗೋಡೆಯಲ್ಲಿ ಅಷ್ಟೇ ಸಂಖ್ಯೆಯ ಕಮಾನುಗಳಲ್ಲಿ 357 ಕನ್ನಡಿಗಳು. ಆ ಕಾಲದಲ್ಲಿ ಒಳ್ಳೆಯ ಕನ್ನಡಿ ತಯಾರಿಸುವ ಗುಟ್ಟು ಇಟಲಿಯ ವೆನಿಸ್ ನಗರದವರಿಗೆ ಮಾತ್ರ ಗೊತ್ತಿತ್ತು. ರಾಜನ ಮಂತ್ರಿ ಕೋಲ್ಬೇರ್ 1665ರಲ್ಲಿ ವೆನಿಸ್‌ನ ಕುಶಲಕರ್ಮಿಗಳನ್ನು ಕರೆತರಿಸಿ ಫ್ರಾನ್ಸಿನಲ್ಲೇ ಕನ್ನಡಿ ಕಾರ್ಖಾನೆ ಸ್ಥಾಪಿಸಿದ. ಹಾಗಾಗಿ ಈ ಹಜಾರ ರಾಜನ ವೈಭವದ ಪ್ರದರ್ಶನವೂ ಹೌದು, ಫ್ರೆಂಚ್ ಕೈಗಾರಿಕೆಯ ಜಾಹೀರಾತೂ ಹೌದು.

ಆದರೆ ಇಷ್ಟೆಲ್ಲ ಕಟ್ಟಿದವರ ಗತಿ ಏನಾಯಿತು? 1685ರಲ್ಲಿ ಅರಮನೆ ಮತ್ತು ಅದರ ಸುತ್ತಲಿನ ಕಾಮಗಾರಿಯಲ್ಲಿ 36,000 ಜನ ದುಡಿಯುತ್ತಿದ್ದರೆಂದು ಆಸ್ಥಾನಿಕನೊಬ್ಬ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಜೌಗು ನೆಲದ ಜ್ವರದಿಂದಲೂ ಅಪಘಾತಗಳಿಂದಲೂ ಕೂಲಿಗಳು ಸಾಯುತ್ತಿದ್ದರು. ಹೆಣಗಳನ್ನು ರಾತ್ರಿಯ ಹೊತ್ತು ಗಾಡಿಯಲ್ಲಿ ಸಾಗಿಸುತ್ತಿದ್ದ ಸಂಗತಿಯನ್ನು ಮೇಡಂ ದ ಸೆವಿನ್ಯೆ ಎಂಬ ಗಣ್ಯ ಮಹಿಳೆ 1678ರ ಪತ್ರವೊಂದರಲ್ಲಿ ಪ್ರಸ್ತಾಪಿಸಿದ್ದಾಳೆ.

ನೀರಿನ ಕಥೆ ಇನ್ನೂ ವಿಚಿತ್ರ. ರಾಜನಿಗೆ ಕಾರಂಜಿಗಳೆಂದರೆ ಪ್ರಾಣ. ಆದರೆ ವರ್ಸೇಲ್ಸ್ ಹತ್ತಿರ ದೊಡ್ಡ ನದಿ ಇಲ್ಲ. ಸೀನ್ ನದಿಯ ನೀರನ್ನು ಮೇಲಕ್ಕೆತ್ತಲು ಮಾರ್ಲಿ ಎಂಬಲ್ಲಿ 14 ದೈತ್ಯ ಚಕ್ರಗಳೂ ಇನ್ನೂರಕ್ಕೂ ಹೆಚ್ಚು ಪಂಪುಗಳೂ ಇದ್ದ ಯಂತ್ರವನ್ನು 1684ರಲ್ಲಿ ಚಾಲನೆಗೊಳಿಸಲಾಯಿತು. ಅದು ನೀರನ್ನು ಸುಮಾರು 160 ಮೀಟರ್ ಎತ್ತರಕ್ಕೆ ಏರಿಸುತ್ತಿತ್ತು. ಅದೂ ಸಾಲಲಿಲ್ಲ. 1685ರಲ್ಲಿ ಯೂರ್ ನದಿಯನ್ನೇ ಕಾಲುವೆಯಲ್ಲಿ ತಿರುಗಿಸಿ ತರುವ ಕೆಲಸಕ್ಕೆ ಸೈನಿಕರನ್ನು ಹಚ್ಚಿದರು. ಸಾವಿರಾರು ಸೈನಿಕರು ಜ್ವರಕ್ಕೆ ಬಲಿಯಾದರು. 1688ರಲ್ಲಿ ಯುದ್ಧ ಆರಂಭವಾಗಿ ಕಾಮಗಾರಿ ಅರ್ಧಕ್ಕೇ ನಿಂತಿತು. ಮೇಂಟನಾನ್ ಎಂಬಲ್ಲಿ ಅದರ ಕಲ್ಲಿನ ಕಮಾನುಗಳು ಈಗಲೂ ಮುರಿದು ನಿಂತಿವೆ. ಕೊನೆಗೆ ಕಾರಂಜಿಯ ಆಳುಗಳು ಒಂದು ಉಪಾಯ ಮಾಡಿದರು. ರಾಜ ಉದ್ಯಾನದಲ್ಲಿ ನಡೆದು ಬರುವಾಗ ಒಬ್ಬ ಸಿಳ್ಳೆ ಹಾಕುತ್ತಿದ್ದ, ಮುಂದಿನವನು ತನ್ನ ಕಾರಂಜಿಯನ್ನು ತಿರುಗಿಸುತ್ತಿದ್ದ. ರಾಜ ದಾಟಿ ಹೋದ ಕೂಡಲೇ ಹಿಂದಿನದು ನಿಲ್ಲುತ್ತಿತ್ತು. ಹೀಗಾಗಿ ರಾಜನ ಕಣ್ಣಿಗೆ ಎಲ್ಲ ಕಾರಂಜಿಗಳೂ ಸದಾ ಚಿಮ್ಮುತ್ತಿದ್ದವು!

ಓದುಗರೇ, ಈ ಸಿಳ್ಳೆಯನ್ನೂ ನೆನಪಿನಲ್ಲಿಡಿ. ರಾಜನಿಗೆ ಕಾಣುವುದೇ ಬೇರೆ, ನಿಜ ಇರುವುದೇ ಬೇರೆ ಎಂಬ ಸ್ಥಿತಿ ಉದ್ಯಾನಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ.

ರಾಜನ ಒಂದು ದಿನ

ಇನ್ನು ಅರಮನೆಯ ಒಳಗೆ ಹೋಗೋಣ. ಬೆಳಿಗ್ಗೆ ಸುಮಾರು ಎಂಟೂವರೆ. ರಾಜನ ಕೋಣೆಯಲ್ಲೇ ಮಲಗಿದ್ದ ಮುಖ್ಯ ಸೇವಕ ಪರದೆಯ ಬಳಿ ಬಂದು ಹೊತ್ತಾಯಿತೆಂದು ತಿಳಿಸುತ್ತಾನೆ. ಮೊದಲು ವೈದ್ಯರು ಬಂದು ಪರೀಕ್ಷಿಸುತ್ತಾರೆ. ಅನಂತರ ಅತ್ಯಂತ ಆಪ್ತರು, ಆಮೇಲೆ ಅಧಿಕಾರಿಗಳು, ಕೊನೆಗೆ ಉಳಿದ ಗಣ್ಯರು ದರ್ಜೆಗೆ ತಕ್ಕಂತೆ ಒಳಗೆ ಬರುತ್ತಾರೆ. ರಾಜ ಎದ್ದು, ಮುಖ ತೊಳೆದು, ಕ್ಷೌರ ಮಾಡಿಸಿಕೊಂಡು, ಬಟ್ಟೆ ತೊಡುವುದನ್ನು ಸುಮಾರು ನೂರು ಮಂದಿ ನಿಂತು ನೋಡುತ್ತಾರೆ. ರಾಜನಿಗೆ ಅಂಗಿ ಕೊಡುವುದು ಸೇವಕನ ಕೆಲಸವಲ್ಲ, ಅಲ್ಲಿದ್ದವರಲ್ಲಿ ಅತಿ ಹಿರಿಯ ದರ್ಜೆಯವನಿಗೆ ಸಲ್ಲುವ ಗೌರವ!

ಹತ್ತು ಗಂಟೆಗೆ ರಾಜ ಕನ್ನಡಿಗಳ ಹಜಾರದ ಮೂಲಕ ಪ್ರಾರ್ಥನಾ ಮಂದಿರಕ್ಕೆ ನಡೆಯುತ್ತಾನೆ. ಅಹವಾಲು ಇದ್ದವರು ಆ ದಾರಿಯಲ್ಲೇ ಚೀಟಿ ಕೊಡಬೇಕು, ಎರಡು ಮಾತು ಹೇಳಬೇಕು. ಹನ್ನೊಂದಕ್ಕೆ ಮಂತ್ರಿಗಳ ಸಭೆ. ಒಂದು ಗಂಟೆಗೆ ಊಟ. ಎರಡಕ್ಕೆ ಬೇಟೆ ಅಥವಾ ಉದ್ಯಾನದ ವಿಹಾರ. ಸಂಜೆ ಕಾಗದಪತ್ರಗಳಿಗೆ ಸಹಿ. ವಾರದಲ್ಲಿ ಕೆಲವು ಸಂಜೆ ಸಂಗೀತ, ಇಸ್ಪೀಟು, ಬಿಲಿಯರ್ಡ್ಸ್. ರಾತ್ರಿ ಹತ್ತಕ್ಕೆ ಸಾರ್ವಜನಿಕರ ಎದುರು ಊಟ. ಹನ್ನೊಂದೂವರೆಗೆ ಬೆಳಗಿನ ಕ್ರಮವೇ ಹಿಂದುಮುಂದಾಗಿ ನಡೆದು ರಾಜ ಮಲಗುತ್ತಾನೆ. ಆ ಹೊತ್ತು ಮೇಣದ ಬತ್ತಿಯ ದೀಪ ಹಿಡಿದು ನಿಲ್ಲಲು ಯಾರನ್ನು ಕರೆಯುತ್ತಾನೆ ಎಂಬುದೇ ಅಂದಿನ ದೊಡ್ಡ ಸುದ್ದಿ.

ಇದೇನು ಹುಚ್ಚಾಟ ಎಂದು ನಿಮಗೆ ಅನ್ನಿಸಬಹುದು. ಆದರೆ ಇದರ ಹಿಂದೆ ಲೆಕ್ಕಾಚಾರವಿತ್ತು. ಬಾಲ್ಯದಲ್ಲಿ ತನ್ನ ವಿರುದ್ಧ ಕತ್ತಿ ಹಿರಿದ ಸರದಾರ ಮನೆತನಗಳನ್ನು ರಾಜ ತನ್ನ ಕಣ್ಣೆದುರು ತಂದಿಟ್ಟುಕೊಂಡ. ತಮ್ಮ ಊರುಗಳಲ್ಲಿ ಸೈನ್ಯ ಕಟ್ಟಬಲ್ಲವರು ಇಲ್ಲಿ ದೀಪ ಹಿಡಿಯಲು ಪೈಪೋಟಿ ನಡೆಸಿದರು. ರಾಣಿಯ ಎದುರು ಸ್ಟೂಲಿನ ಮೇಲೆ ಕುಳಿತುಕೊಳ್ಳುವ ಹಕ್ಕು ಡಚೆಸ್‌ಗಳಂತಹ ಕೆಲವೇ ಹೆಂಗಸರಿಗಿತ್ತು, ಉಳಿದವರು ಗಂಟೆಗಟ್ಟಲೆ ನಿಂತಿರಬೇಕು. ಆ ಸ್ಟೂಲಿಗಾಗಿ ಜಗಳಗಳಾಗುತ್ತಿದ್ದವು. ಪಿಂಚಣಿ, ಹುದ್ದೆ, ಮಗಳಿಗೆ ಒಳ್ಳೆಯ ಸಂಬಂಧ ಎಲ್ಲವೂ ರಾಜನ ಕೃಪೆಯಿಂದಲೇ ಬರಬೇಕು. ಆಸ್ಥಾನಕ್ಕೆ ಬಾರದವನ ಪರವಾಗಿ ಯಾರಾದರೂ ಕೇಳಿದರೆ ಅವನನ್ನು ನಾನು ನೋಡಿಯೇ ಇಲ್ಲ ಎಂಬ ಉತ್ತರ ಬರುತ್ತಿತ್ತು. ಒಟ್ಟಿನಲ್ಲಿ ಈ ಅರಮನೆ ಸರದಾರರಿಗೆ ಚಿನ್ನದ ಪಂಜರವಾಯಿತು. ಇನ್ನೊಂದು ಫ್ರಾಂಡ್ ದಂಗೆ ನಡೆಯಲೇ ಇಲ್ಲ.

ಆದರೆ ಆ ಪಂಜರದೊಳಗೆ ರಾಜನ ವಂಶವೂ ಸಿಕ್ಕಿಕೊಂಡಿತು. ನೂರು ವರ್ಷಗಳ ಬಳಿಕ 16ನೇ ಲೂಯಿಯ ರಾಣಿ ಮೇರಿ ಆಂಟೊನೆಟ್ ಅನುಭವಿಸಿದ ಒಂದು ಪ್ರಸಂಗವನ್ನು ಅವಳ ಸೇವೆಯಲ್ಲಿದ್ದ ಮೇಡಂ ಕಂಪಾನ್ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಚಳಿಗಾಲದ ಬೆಳಿಗ್ಗೆ ರಾಣಿಗೆ ಒಳಅಂಗಿ ಕೊಡಬೇಕು. ಅಷ್ಟರಲ್ಲಿ ಹೆಚ್ಚಿನ ದರ್ಜೆಯ ಮಹಿಳೆಯೊಬ್ಬಳು ಬಂದಳು, ಅಂಗಿ ಅವಳ ಕೈಗೆ ಹೋಯಿತು. ಬಾಗಿಲಲ್ಲಿ ಮತ್ತೆ ಸದ್ದು. ಅವಳಿಗಿಂತ ಮೇಲಿನವಳು ಬಂದಳು, ಅಂಗಿ ಅವಳ ಕೈಗೆ. ಹೀಗೆ ಅಂಗಿ ಕೈಯಿಂದ ಕೈಗೆ ಹೋಗುತ್ತಿದ್ದಷ್ಟು ಹೊತ್ತೂ ಫ್ರಾನ್ಸಿನ ರಾಣಿ ಚಳಿಯಲ್ಲಿ ನಡುಗುತ್ತಾ ನಿಂತಿದ್ದಳು. 1778ರ ಡಿಸೆಂಬರ್ 19ರಂದು ಅವಳ ಮೊದಲ ಹೆರಿಗೆಯಾದಾಗ ಪದ್ಧತಿಯಂತೆ ಕೋಣೆಯ ತುಂಬ ಜನ ನೆರೆದಿದ್ದರು. ಗಾಳಿಯಾಡದೆ ಅವಳು ಮೂರ್ಛೆ ಹೋದಳು.

ತಣ್ಣಗಿನ ಊಟ, ಹೆಪ್ಪುಗಟ್ಟಿದ ಪಾನೀಯ

ರಾಜನ ಅಡುಗೆಮನೆಗಳು ಅರಮನೆಯ ಪಕ್ಕದ ರಸ್ತೆಯಾಚೆ ಬೇರೆ ಕಟ್ಟಡದಲ್ಲಿದ್ದವು. ಅಲ್ಲಿಂದ ಭಕ್ಷ್ಯಗಳು ಕಾವಲುಗಾರರ ನಡುವೆ ಮೆರವಣಿಗೆಯಲ್ಲಿ ಬರುತ್ತಿದ್ದವು. ದಾರಿಯಲ್ಲಿ ಎದುರಾದವರು ರಾಜನ ಊಟಕ್ಕೂ ತಲೆಬಾಗಬೇಕಿತ್ತು. ಹೀಗೆ ಮೆಟ್ಟಿಲು ಹತ್ತಿ, ಹಜಾರಗಳನ್ನು ದಾಟಿ ಮೇಜಿಗೆ ಬರುವಷ್ಟರಲ್ಲಿ ಊಟ ತಣ್ಣಗಾಗಿರುತ್ತಿತ್ತು. ಇಡೀ ಯುರೋಪಿನ ಅತ್ಯಂತ ಬಲಿಷ್ಠ ದೊರೆಗೆ ಬಿಸಿ ಊಟ ಸಿಗುವುದು ಅಪರೂಪವಾಗಿತ್ತು!

ಮೆಚ್ಚಬೇಕಾದ ಸಂಗತಿಗಳೂ ಇವೆ. 1678ರಿಂದ 1683ರ ನಡುವೆ ಲಾ ಕ್ವಿಂಟಿನಿ ಎಂಬ ತಜ್ಞ ಸುಮಾರು 9 ಹೆಕ್ಟೇರಿನಲ್ಲಿ ರಾಜನ ತರಕಾರಿ ತೋಟವನ್ನು ಬೆಳೆಸಿದ. ಅವನು ಮೊದಲು ವಕೀಲನಾಗಿದ್ದವನು. ಕುದುರೆ ಲಾಯದ ಬಿಸಿ ಗೊಬ್ಬರವನ್ನೂ ಗಾಜಿನ ಮುಚ್ಚಳಗಳನ್ನೂ ಬಳಸಿ ಚಳಿಗಾಲದಲ್ಲೂ ಹಸಿ ತರಕಾರಿ ಬೆಳೆಯುತ್ತಿದ್ದ. ರಾಜನಿಗೆ ಇಷ್ಟವಾದ ಅಂಜೂರಕ್ಕಾಗಿ ಪ್ರತ್ಯೇಕ ತೋಟವನ್ನೇ ಮಾಡಿದ್ದ. ಆ ತೋಟ ಇಂದಿಗೂ ಇದೆ.

ಆದರೆ ಅರಮನೆ ವಾಸಕ್ಕೆ ಸುಖಕರವಾಗಿರಲಿಲ್ಲ. ಎತ್ತರದ ಹಜಾರಗಳನ್ನು ಅಗ್ಗಿಷ್ಟಿಕೆಗಳು ಬಿಸಿ ಮಾಡಲಾರವು. ಕಡು ಚಳಿಯಲ್ಲಿ ರಾಜನ ಮೇಜಿನ ಮೇಲೆಯೇ ಲೋಟದಲ್ಲಿದ್ದ ನೀರೂ ವೈನೂ ಹೆಪ್ಪುಗಟ್ಟಿದ್ದುಂಟು. ಸಾವಿರಾರು ಜನ ಇದ್ದ ಕಟ್ಟಡದಲ್ಲಿ ಶೌಚದ ವ್ಯವಸ್ಥೆ ತೀರ ಕಡಿಮೆ. ಓಣಿಗಳು ನಾರುತ್ತಿದ್ದವೆಂದು ಅಂದಿನವರೇ ಬರೆದಿದ್ದಾರೆ. ದೊಡ್ಡ ಮನೆತನದವರೂ ಮಾಳಿಗೆಯ ಕೆಳಗಿನ ಇಕ್ಕಟ್ಟು ಕೋಣೆಗಳಲ್ಲಿ ವಾಸವಿದ್ದರು, ಯಾಕೆಂದರೆ ಊರಿನ ಸ್ವಂತ ಬಂಗಲೆಗಿಂತ ಅರಮನೆಯ ಇಲಿಬಿಲದಂಥ ಕೋಣೆಗೇ ಮರ್ಯಾದೆ ಹೆಚ್ಚು.

ಒಳಗೆ ವೈನ್ ಹೆಪ್ಪುಗಟ್ಟಿದರೆ ಹೊರಗೆ ಬೆಳೆಯೇ ಸತ್ತುಹೋಗುತ್ತಿತ್ತು. 1709ರ ಜನವರಿಯ ಹಿಮದಿಂದ ಗೋಧಿ ನಾಶವಾಗಿ ಆ ವರ್ಷ ಮತ್ತು ಮರುವರ್ಷ ಹಸಿವು, ರೋಗಗಳಿಂದ ಸುಮಾರು ಆರು ಲಕ್ಷ ಜನ ಸತ್ತರೆಂದು ಇತಿಹಾಸಕಾರರ ಅಂದಾಜು. ಅದೇ ಹೊತ್ತಿಗೆ ಯುದ್ಧವೂ ನಡೆಯುತ್ತಿತ್ತು. ಅದಕ್ಕೂ ಮೊದಲು 1689ರಲ್ಲಿ ಯುದ್ಧದ ಖರ್ಚಿಗೆಂದು ಅರಮನೆಯ ಬೆಳ್ಳಿಯ ಪೀಠೋಪಕರಣಗಳನ್ನೇ ಕರಗಿಸಿ ನಾಣ್ಯ ಮಾಡಿದ್ದರು. 72 ವರ್ಷ ಆಳಿದ 14ನೇ ಲೂಯಿ 1715ರ ಸೆಪ್ಟೆಂಬರ್ 1ರಂದು ತೀರಿಕೊಂಡ. ಸಾಯುವ ಮುನ್ನ ಉತ್ತರಾಧಿಕಾರಿಯಾದ ಐದು ವರ್ಷದ ಮರಿಮಗನನ್ನು ಕರೆದು, ಕಟ್ಟಡದ ಹುಚ್ಚಿನಲ್ಲೂ ಯುದ್ಧದ ಹುಚ್ಚಿನಲ್ಲೂ ತನ್ನನ್ನು ಅನುಸರಿಸಬಾರದೆಂದೂ ಪ್ರಜೆಗಳ ಹೊರೆ ಇಳಿಸಬೇಕೆಂದೂ ಬುದ್ಧಿ ಹೇಳಿದನಂತೆ.

ಹೊರಗಿನಿಂದ ಬಂದವರು

ವರ್ಸೇಲ್ಸ್ ನೋಡಲು ಜಗತ್ತಿನ ಮೂಲೆಮೂಲೆಗಳಿಂದ ರಾಯಭಾರಿಗಳು ಬಂದರು. 1686ರಲ್ಲಿ ಸಯಾಮಿನಿಂದ, 1715ರಲ್ಲಿ ಇರಾನಿನಿಂದ ಬಂದವರನ್ನು ಕನ್ನಡಿಗಳ ಹಜಾರದಲ್ಲೇ ಸ್ವಾಗತಿಸಲಾಯಿತು. 1721ರಲ್ಲಿ ಬಂದ ಉಸ್ಮಾನಿ ರಾಯಭಾರಿ ಮೆಹ್ಮದ್ ಎಫೆಂದಿಯವರ ಕಥೆ ವಿದ್ಯಾರ್ಥಿಗಳಾದ ನಿಮಗೆ ವಿಶೇಷವಾಗಿ ತಿಳಿದಿರಬೇಕು. ಅವರು ವರ್ಸೇಲ್ಸ್‌ನ ಉದ್ಯಾನ, ಮಾರ್ಲಿಯ ಯಂತ್ರ ಎಲ್ಲವನ್ನೂ ನೋಡಿ, ಊರಿಗೆ ಮರಳಿ ವಿವರವಾದ ವರದಿ ಬರೆದರು. ಅವರ ಜೊತೆ ಮಗ ಸೈದ್ ಎಫೆಂದಿಯೂ ಇದ್ದರು. ಈ ಯಾತ್ರೆಯ ನಂತರ ಇಸ್ತಾಂಬುಲಿನಲ್ಲಿ ಎರಡು ಹೊಸ ವಿಷಯಗಳು ಕಂಡುಬಂದವು. ಒಂದು, ಕಾಲುವೆ ಕಾರಂಜಿಗಳ ಸಾದಾಬಾದ್ ಅರಮನೆ. ಅದಕ್ಕೆ ಫ್ರೆಂಚ್ ಉದ್ಯಾನಗಳೇ ಪ್ರೇರಣೆ ಎಂದು ಹಲವರು ಬರೆದಿದ್ದಾರೆ. ಇನ್ನೊಂದು, ಸೈದ್ ಎಫೆಂದಿ ಮತ್ತು ಇಬ್ರಾಹಿಂ ಮುತೆಫರ್ರಿಕಾ ಜೊತೆಗೂಡಿ 1727ರಲ್ಲಿ ಸುಲ್ತಾನರ ಅನುಮತಿ ಪಡೆದು ಆರಂಭಿಸಿದ ಮುದ್ರಣಾಲಯ. 1729ರಲ್ಲಿ ಅದರ ಮೊದಲ ಪುಸ್ತಕವಾಗಿ ಒಂದು ನಿಘಂಟು ಹೊರಬಂತು. 1730ರ ದಂಗೆಯಲ್ಲಿ ಸಾದಾಬಾದ್ ಸುತ್ತಲಿನ ವಿಲಾಸ ಮಂಟಪಗಳನ್ನು ಜನ ಹಾಳುಗೆಡವಿದರು. ಮುದ್ರಣಾಲಯ ಮಾತ್ರ ಉಳಿಯಿತು, ಮುಂದೆಯೂ ಪುಸ್ತಕ ಅಚ್ಚು ಹಾಕಿತು.

ಇನ್ನು ನಮ್ಮ ನಾಡಿಗೆ ಬರೋಣ. ಎರಡನೆಯ ಮೈಸೂರು ಯುದ್ಧದಲ್ಲಿ ಫ್ರೆಂಚರು ಮೈಸೂರಿನ ಮಿತ್ರರು. 1783ರ ಮೇ ತಿಂಗಳಿನಿಂದ ಟಿಪ್ಪು ಸುಲ್ತಾನರ ಸೈನ್ಯ ಮಂಗಳೂರಿನ ಕೋಟೆಯಲ್ಲಿದ್ದ ಇಂಗ್ಲಿಷರಿಗೆ ಮುತ್ತಿಗೆ ಹಾಕಿತ್ತು. ಫ್ರೆಂಚ್ ತುಕಡಿಯೂ ಜೊತೆಗಿತ್ತು. ಆದರೆ ಅದೇ ವರ್ಷದ ಜನವರಿ 20ರಂದೇ ವರ್ಸೇಲ್ಸ್‌ನಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ಪ್ರಾಥಮಿಕ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿಯಾಗಿತ್ತು! ಹಡಗಿನಲ್ಲಿ ಆ ಸುದ್ದಿ ಭಾರತ ತಲುಪಲು ಸುಮಾರು ಐದು ತಿಂಗಳು ಹಿಡಿಯಿತು. ಸುದ್ದಿ ಬಂದದ್ದೇ ತಡ, ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಟಿಪ್ಪು ಒಬ್ಬಂಟಿಯಾಗಿ ಮುತ್ತಿಗೆ ಮುಂದುವರಿಸಬೇಕಾಯಿತು. ಕೊನೆಗೆ 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು.

ಈ ಅನುಭವದ ನಂತರ ಟಿಪ್ಪು ಸುಲ್ತಾನರು ನೇರವಾಗಿ ಫ್ರಾನ್ಸಿನ ದೊರೆಯ ಜೊತೆಗೇ ಮಾತನಾಡಲು ನಿರ್ಧರಿಸಿದರು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1787ರಲ್ಲಿ ಪುದುಚೇರಿಯಿಂದ ಹಡಗು ಹತ್ತಿದರು. 1788ರ ಜೂನ್‌ನಲ್ಲಿ ಫ್ರಾನ್ಸಿನ ಟೂಲೋನ್ ಬಂದರಿನಲ್ಲಿ ಇಳಿದರು. ಜುಲೈಯಲ್ಲಿ ಪ್ಯಾರಿಸ್ ಸೇರಿದರು. ಅವರು ಹೋದಲ್ಲೆಲ್ಲ ಜನಜಾತ್ರೆ. ಪ್ರಸಿದ್ಧ ಚಿತ್ರಕಾರ್ತಿ ವಿಜೆ ಲೆ ಬ್ರನ್ ದರ್ವೇಶ್ ಖಾನರ ಆಳೆತ್ತರದ ಚಿತ್ರ ಬರೆದಳು. ಬಿಳಿಯ ಮಸ್ಲಿನ್ ನಿಲುವಂಗಿ ತೊಟ್ಟು, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ನಿಂತ ಆ ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

1788ರ ಆಗಸ್ಟ್ 10ರಂದು ವರ್ಸೇಲ್ಸ್‌ನ ‘ಹರ್ಕ್ಯುಲಿಸ್ ಹಜಾರ’ದಲ್ಲಿ 16ನೇ ಲೂಯಿ ಮೂವರನ್ನೂ ವೈಭವದಿಂದ ಬರಮಾಡಿಕೊಂಡ. ಅವರು ಕೇಳಿದ್ದು ಇಂಗ್ಲಿಷರ ವಿರುದ್ಧ ಮೈತ್ರಿ ಮತ್ತು ಸೈನ್ಯ. ಜೊತೆಗೆ ಮೈಸೂರಿಗೆ ಕುಶಲಕರ್ಮಿಗಳು. ಕುಶಲಕರ್ಮಿಗಳು ಸಿಕ್ಕರು, ಪಿಂಗಾಣಿಯ ಉಡುಗೊರೆಗಳು ಸಿಕ್ಕವು. ಸೈನ್ಯ ಮಾತ್ರ ಸಿಗಲಿಲ್ಲ. ಯಾಕೆ?

ಬರಿದಾದ ಖಜಾನೆ

ತಾರೀಕುಗಳನ್ನು ಗಮನಿಸಿ. ರಾಯಭಾರಿಗಳ ದರ್ಬಾರು ನಡೆದದ್ದು ಆಗಸ್ಟ್ 10ರಂದು. ಅದಕ್ಕೆ ಎರಡು ದಿನ ಮೊದಲು, ಆಗಸ್ಟ್ 8ರಂದು, ಹಣಕ್ಕೆ ಬೇರೆ ದಾರಿ ಕಾಣದ ಸರಕಾರ 1614ರಿಂದ ಕರೆಯದೇ ಇದ್ದ ‘ಎಸ್ಟೇಟ್ಸ್ ಜನರಲ್’ ಎಂಬ ಪ್ರತಿನಿಧಿ ಸಭೆಯನ್ನು ಮರುವರ್ಷ ಸೇರಿಸುವುದಾಗಿ ಪ್ರಕಟಿಸಿತ್ತು. ದರ್ಬಾರಾದ ಆರು ದಿನಕ್ಕೆ, ಆಗಸ್ಟ್ 16ರಂದು, ಖಜಾನೆಯಿಂದ ನಗದು ಪಾವತಿಯನ್ನು ಭಾಗಶಃ ನಿಲ್ಲಿಸಲಾಯಿತು. ಅಂದರೆ ಚಿನ್ನದ ಸಿಂಹಾಸನದ ಮೇಲೆ ಕುಳಿತು ಮೈಸೂರಿನ ರಾಯಭಾರಿಗಳನ್ನು ಕಂಡ ರಾಜ ಆ ವಾರ ಅಕ್ಷರಶಃ ದಿವಾಳಿಯ ಅಂಚಿನಲ್ಲಿದ್ದ. ಹರ್ಕ್ಯುಲಿಸ್ ಹಜಾರದ ಅಮೃತಶಿಲೆ ನೋಡಿದ ಯಾರಿಗೂ ಅದು ಹೊಳೆಯುವಂತಿರಲಿಲ್ಲ.

ಅರಮನೆಯ ಆಡಂಬರದಿಂದಲೇ ಫ್ರಾನ್ಸ್ ದಿವಾಳಿಯಾಯಿತು ಎಂಬ ಮಾತು ಪ್ರಚಲಿತವಾಗಿದೆ. ಅದು ಪೂರ್ತಿ ನಿಜವಲ್ಲ. 1788ರ ಲೆಕ್ಕದ ಪ್ರಕಾರ ಆಸ್ಥಾನದ ಖರ್ಚು ಸರಕಾರದ ಒಟ್ಟು ವೆಚ್ಚದಲ್ಲಿ ಸುಮಾರು ಶೇಕಡಾ 6ರಷ್ಟು. ಸಾಲದ ಬಡ್ಡಿ ಮತ್ತು ಕಂತುಗಳಿಗೇ ಅರ್ಧದಷ್ಟು ಹೋಗುತ್ತಿತ್ತು. ಆ ಸಾಲ ಬೆಳೆದದ್ದು ಯುದ್ಧಗಳಿಂದ, ಅದರಲ್ಲೂ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಕೊಟ್ಟ ನೆರವಿನಿಂದ. ತೆರಿಗೆಯ ಮುಖ್ಯ ಭಾರ ಹೊತ್ತವರು ರೈತರು. ಸರದಾರರಿಗೂ ಚರ್ಚಿನ ಧರ್ಮಾಧಿಕಾರಿಗಳಿಗೂ ದೊಡ್ಡ ವಿನಾಯಿತಿಗಳಿದ್ದವು. ಅದನ್ನು ಸರಿಪಡಿಸಲು ಹೊರಟ ಮಂತ್ರಿಗಳು ಒಬ್ಬೊಬ್ಬರಾಗಿ ಹುದ್ದೆ ಕಳೆದುಕೊಂಡರು, ಯಾಕೆಂದರೆ ವಿನಾಯಿತಿ ಪಡೆದವರೇ ಅರಮನೆಯಲ್ಲಿ ರಾಜನ ಸುತ್ತ ಇದ್ದವರು. ಅರಮನೆ ಮಾಡಿದ ನಿಜವಾದ ಹಾನಿ ಇದೇ. ಅದು ತಿಂದ ಹಣಕ್ಕಿಂತ ಅದು ತಡೆದ ಮಾತು ದೊಡ್ಡದು.

ಅರಮನೆಯ ಬಾಗಿಲು ಮುಚ್ಚಿರಲಿಲ್ಲ ಎಂಬುದು ಇನ್ನೊಂದು ವಿಚಿತ್ರ. ಮರ್ಯಾದಸ್ಥ ಉಡುಪು ತೊಟ್ಟ ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಗಂಡಸರಿಗೆ ಟೊಪ್ಪಿ ಮತ್ತು ಕತ್ತಿ ಇರಬೇಕು, ಇಲ್ಲದಿದ್ದರೆ ಗೇಟಿನ ಬಳಿ ಬಾಡಿಗೆಗೆ ಸಿಗುತ್ತಿತ್ತು! ಜನ ಬಂದು ರಾಜ ಉಣ್ಣುವುದನ್ನು ನೋಡಬಹುದಿತ್ತು. ಆದರೆ ನಮಗೆ ಉಣ್ಣಲು ಇಲ್ಲ ಎಂದು ಹೇಳುವ ಅವಕಾಶ ಆ ಪದ್ಧತಿಯಲ್ಲಿ ಎಲ್ಲಿತ್ತು?

ಅಕ್ಟೋಬರ್‌ನ ಎರಡು ದಿನ

1788ರ ಜುಲೈ 13ರಂದು ಭಾರಿ ಆಲಿಕಲ್ಲು ಮಳೆ ಬಿದ್ದು ಉತ್ತರ ಫ್ರಾನ್ಸಿನ ಬೆಳೆ ಹಾಳಾಗಿತ್ತು. ಅದರ ಹಿಂದೆಯೇ ಭೀಕರ ಚಳಿಗಾಲ ಬಂತು. ಬ್ರೆಡ್ಡಿನ ಬೆಲೆ ಏರಿ ಕೂಲಿಕಾರನ ಸಂಪಾದನೆಯ ಬಹುಪಾಲು ಅದಕ್ಕೇ ಹೋಗತೊಡಗಿತು. 1789ರ ಮೇ 5ರಂದು ವರ್ಸೇಲ್ಸ್ ಊರಿನಲ್ಲೇ ಎಸ್ಟೇಟ್ಸ್ ಜನರಲ್ ಸೇರಿತು. ಜೂನ್ 20ರಂದು ಜನಪ್ರತಿನಿಧಿಗಳು ಅಲ್ಲಿನ ಟೆನಿಸ್ ಅಂಗಳದಲ್ಲಿ, ಸಂವಿಧಾನ ಆಗುವವರೆಗೆ ಚದುರುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ಜುಲೈ 14ರಂದು ಪ್ಯಾರಿಸ್‌ನಲ್ಲಿ ಬಾಸ್ಟೀಲ್ ಕೋಟೆ ಉರುಳಿತು. ಅಂದಿನ ದಿನಚರಿಯಲ್ಲಿ 16ನೇ ಲೂಯಿ ಬರೆದದ್ದು ಒಂದೇ ಶಬ್ದ: ‘ಏನೂ ಇಲ್ಲ’. ಅವನು ಬರೆದದ್ದು ಬೇಟೆಯ ಲೆಕ್ಕ. ಅಂದು ಬೇಟೆ ಸಿಕ್ಕಿರಲಿಲ್ಲ.

ಇಲ್ಲಿ ಒಂದು ಸುಳ್ಳನ್ನು ಸರಿಪಡಿಸುವುದು ಅಗತ್ಯ. ಜನರಿಗೆ ಬ್ರೆಡ್ಡಿಲ್ಲದಿದ್ದರೆ ಕೇಕ್ ತಿನ್ನಲಿ ಎಂದು ಮೇರಿ ಆಂಟೊನೆಟ್ ಹೇಳಿದಳೆಂದು ನಾವು ಓದುತ್ತೇವೆ. ಅವಳು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಅಂಥದೊಂದು ಮಾತನ್ನು ರೂಸೋ ಹೆಸರಿಲ್ಲದ ರಾಜಕುಮಾರಿಯೊಬ್ಬಳ ಬಾಯಲ್ಲಿ ಇಟ್ಟು ಬರೆದಾಗ ಆಕೆ ಇನ್ನೂ ಆಸ್ಟ್ರಿಯಾದಲ್ಲಿದ್ದ ಹುಡುಗಿ. ಇತಿಹಾಸ ಓದುವವರು ನಮಗೆ ಹಿಡಿಸದವರ ವಿಷಯದಲ್ಲೂ ನ್ಯಾಯವಾಗಿರಬೇಕು.

1789ರ ಅಕ್ಟೋಬರ್ 5ರ ಬೆಳಿಗ್ಗೆ ಪ್ಯಾರಿಸ್‌ನ ಮಾರುಕಟ್ಟೆಯ ಹೆಂಗಸರು ಬ್ರೆಡ್ಡಿಗಾಗಿ ಕೂಗೆಬ್ಬಿಸಿ ನಗರಸಭೆಗೆ ನುಗ್ಗಿದರು, ಅಲ್ಲಿಂದ ವರ್ಸೇಲ್ಸ್ ಕಡೆ ಹೊರಟರು. ಸುಮಾರು ಏಳು ಸಾವಿರ ಜನ, ಸುರಿಯುವ ಮಳೆ, ಕೆಸರಿನ ರಸ್ತೆ, ಹೆಚ್ಚುಕಡಿಮೆ ಆರು ಗಂಟೆಗಳ ನಡಿಗೆ. ಬೇಟೆಗೆ ಹೋಗಿದ್ದ ರಾಜನನ್ನು ಕರೆಸಬೇಕಾಯಿತು. ಸಂಜೆ ಕೆಲವು ಹೆಂಗಸರನ್ನು ಅವನು ಒಳಗೆ ಕರೆದು ಮಾತನಾಡಿದ, ಧಾನ್ಯ ಕಳುಹಿಸುವ ಮಾತು ಕೊಟ್ಟ. ಮಾತನಾಡಲು ಮುಂದೆ ಬಂದ ಹುಡುಗಿ ದಣಿವಿನಿಂದ ಅಲ್ಲೇ ಮೂರ್ಛೆ ಹೋದಳು. ಬಾಡಿಗೆಯ ಕತ್ತಿ, ಟೊಪ್ಪಿಗಳಿಲ್ಲದೆ, ಒದ್ದೆ ಬಟ್ಟೆಯಲ್ಲಿ ಹಸಿವು ಆ ಅರಮನೆಯೊಳಗೆ ಬಂದು ರಾಜನ ಮುಂದೆ ನಿಂತದ್ದು ಅಂದು.

ಆದರೆ ಹೊತ್ತು ಮೀರಿತ್ತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಗುಂಪು ಒಳಗೆ ನುಗ್ಗಿತು. ಇಬ್ಬರು ಕಾವಲುಗಾರರು ಕೊಲೆಯಾದರು. ರಾಣಿ ಗುಪ್ತ ಓಣಿಯಿಂದ ರಾಜನ ಕೋಣೆಗೆ ಓಡಿ ಜೀವ ಉಳಿಸಿಕೊಂಡಳು. 1651ರಲ್ಲಿ ಬಾಲರಾಜನ ಹಾಸಿಗೆಯ ಬಳಿಗೆ ಬಂದ ಜನರಿಂದ ದೂರವಿರಲೆಂದು ಕಟ್ಟಿದ ಅರಮನೆಯ ಮಲಗುವ ಕೋಣೆಗೆ 138 ವರ್ಷಗಳ ಬಳಿಕ ಅದೇ ಪ್ಯಾರಿಸ್‌ನ ಜನ ಬಂದಿದ್ದರು. ಅಂದು ಮಧ್ಯಾಹ್ನ ರಾಜ ಪರಿವಾರ ಹಿಟ್ಟಿನ ಗಾಡಿಗಳ ಜೊತೆ ಪ್ಯಾರಿಸ್‌ಗೆ ಹೊರಟಿತು. ಆಮೇಲೆ ಯಾವ ರಾಜನೂ ವರ್ಸೇಲ್ಸ್‌ನಲ್ಲಿ ವಾಸ ಮಾಡಲಿಲ್ಲ. 16ನೇ ಲೂಯಿಗೆ 1793ರ ಜನವರಿ 21ರಂದು, ರಾಣಿಗೆ ಅದೇ ವರ್ಷ ಅಕ್ಟೋಬರ್ 16ರಂದು ಮರಣದಂಡನೆಯಾಯಿತು. ಅರಮನೆಯ ಪೀಠೋಪಕರಣಗಳು 1793-94ರಲ್ಲಿ ಹರಾಜಾದವು.

ಮುಂದೆ 1837ರಲ್ಲಿ ಲೂಯಿ ಫಿಲಿಪ್ ಎಂಬ ದೊರೆ ಅದನ್ನು ವಸ್ತುಸಂಗ್ರಹಾಲಯವಾಗಿ ಮಾಡಿದ. 1871ರ ಜನವರಿ 18ರಂದು ಫ್ರಾನ್ಸನ್ನು ಸೋಲಿಸಿದ ಜರ್ಮನರು ಕನ್ನಡಿಗಳ ಹಜಾರದಲ್ಲೇ ತಮ್ಮ ಸಾಮ್ರಾಜ್ಯವನ್ನು ಘೋಷಿಸಿದರು. 1919ರಲ್ಲಿ ಸೋತ ಜರ್ಮನಿಯಿಂದ ಅದೇ ಹಜಾರದಲ್ಲಿ ಸಹಿ ಪಡೆದು ಫ್ರೆಂಚರು ಸೇಡು ತೀರಿಸಿಕೊಂಡರು. 1979ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಟಿಕೆಟ್ ಕೊಂಡ ಯಾರು ಬೇಕಾದರೂ ರಾಜನ ಮಲಗುವ ಕೋಣೆಯನ್ನು ನೋಡಿ ಬರಬಹುದು.

ನಮಗೇನು ಪಾಠ?

ವಿದ್ಯಾರ್ಥಿ ಮಿತ್ರರೇ, ವರ್ಸೇಲ್ಸ್‌ನ ಕಲೆ, ಶಿಲ್ಪ, ತೋಟಗಾರಿಕೆ ಮನುಷ್ಯನ ಕೌಶಲದ ದೊಡ್ಡ ಸಾಧನೆ. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದನ್ನು ಕಟ್ಟಿಸಿದವನು ಎಲ್ಲರೂ ತನ್ನನ್ನು ನೋಡಬೇಕೆಂದು ಬಯಸಿದ. ಅವನ ನಂತರ ಬಂದವರಿಗೆ ಹೊರಗಿನ ಯಾರೂ ಕಾಣದಂತಾಯಿತು. ಸಿಳ್ಳೆಗೆ ಚಿಮ್ಮುವ ಕಾರಂಜಿಗಳ ನಡುವೆ ನಡೆಯುವವನಿಗೆ ನೀರಿನ ಬರ ತಿಳಿಯುವುದು ಹೇಗೆ?

ಈ ಮಾತು ರಾಜರಿಗೆ ಮಾತ್ರ ಅನ್ವಯಿಸುವುದಿಲ್ಲ. ನಾಳೆ ನಿಮ್ಮಲ್ಲಿ ಹಲವರು ಅಧಿಕಾರಿಗಳಾಗುತ್ತೀರಿ, ಶಿಕ್ಷಕರಾಗುತ್ತೀರಿ, ಸಂಘ ಸಂಸ್ಥೆಗಳ ಪದಾಧಿಕಾರಿಗಳಾಗುತ್ತೀರಿ. ನಿಮ್ಮ ಸುತ್ತಲೂ ಸಿಳ್ಳೆ ಹಾಕುವವರು ಇದ್ದೇ ಇರುತ್ತಾರೆ. ಒದ್ದೆ ಬಟ್ಟೆಯಲ್ಲಿ ಬಂದು ನಿಜ ಹೇಳುವವರಿಗೆ ನಿಮ್ಮ ಬಾಗಿಲು ತೆರೆದಿರಲಿ, ಅದೂ ಹೊತ್ತು ಮೀರುವ ಮೊದಲು. ಹಾಗೆಯೇ ದೊಡ್ಡ ಕಟ್ಟಡವನ್ನೋ ವೈಭವದ ಸಮಾರಂಭವನ್ನೋ ಕಂಡಾಗ, ಇದನ್ನು ಕಟ್ಟಿದವರು ಯಾರು, ಇದರ ಖರ್ಚು ಹೊತ್ತವರು ಯಾರು, ಇದರೊಳಗೆ ಬರಲಾಗದೆ ಹೊರಗೆ ಉಳಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ವರ್ಸೇಲ್ಸ್‌ಗೆ ಹೋದ ತಂದೆ ಮತ್ತು ಮಗ ಇಸ್ತಾಂಬುಲಿಗೆ ತಂದದ್ದರಲ್ಲಿ ಉದ್ಯಾನದ ಮಂಟಪಗಳು ಒಂದೇ ದಂಗೆಯಲ್ಲಿ ಹಾಳಾದವು, ಪುಸ್ತಕ ಅಚ್ಚು ಹಾಕುವ ವಿದ್ಯೆ ಉಳಿಯಿತು. ನಮ್ಮ ಊರುಗಳಲ್ಲಿ ಏನನ್ನು ಕಟ್ಟಬೇಕು ಎಂದು ಯೋಚಿಸುವಾಗ ಇದೂ ನೆನಪಿನಲ್ಲಿರಲಿ.